ಹತ್ತೊಂಬತ್ತನೆಯ ನಡೆ

ಚೆಸ್ಸಿನಲ್ಲಿ ಒಂಟೆ ಓರೆಯಾಗಿ ನಡೆಯುತ್ತದೆ. ಕಪ್ಪು ಮನೆಯಲ್ಲಿ ಹುಟ್ಟಿದ್ದು ಬಿಳಿ ಮನೆ ತುಳಿಯದೆಯೇ ಸಾಯುತ್ತದೆ. ನನಗಿದನ್ನು ಕಲಿಸಿದವನು ಅಪ್ಪ. ಈಗ ಅವನದೇ ಆಟದ ನೋಟ್‌ಬುಕ್ ನೋಡಿ ಮಣೆಯ ಮೇಲೆ ಕಾಯಿ ನಡೆಸುತ್ತಿದ್ದೇನೆ. ಹತ್ತೊಂಬತ್ತನೆಯ ನಡೆಯಲ್ಲಿ ಅಪ್ಪನ ಕಪ್ಪು ಮನೆಯ ಒಂಟೆ ಬಿಳಿ ಮನೆಗೆ ಹೋಗಿ ಕೂತಿದೆ. ನಾಲ್ಕು ಸಲ ಮೊದಲಿನಿಂದ ಆಡಿ ನೋಡಿದೆ. ಅಲ್ಲಿಗೇ ಹೋಗುತ್ತದೆ.

ಆಟ ನಡೆದು ಎರಡು ವರ್ಷವಾಗಿದೆ. "ಒಂದು ವರ್ಷ ಮುಂಚೆ ಕರ್ಕೊಂಡು ಬಂದಿದ್ರೆ ಈ ಮರೆವನ್ನ ಸ್ವಲ್ಪ ನಿಧಾನ ಮಾಡಬಹುದಿತ್ತು" ಎಂದು ಡಾಕ್ಟರು ಹೇಳಿದ್ದು ಕಳೆದ ವಾರ.

ಅಪ್ಪನೂ ವಾಚ್ ರಿಪೇರಿ ಮಾಮನೂ ಪ್ರತಿ ಭಾನುವಾರ ಆಡುತ್ತಿದ್ದರು. ಆಮೇಲೆ ತಕರಾರು ಬೇಡವೆಂದು ಒಬ್ಬರ ನಡೆಯನ್ನು ಇನ್ನೊಬ್ಬರು ಬರೆಯುವ ಕರಾರು. ಹಾಗಾಗಿ ಒಂಟೆಯ ಆ ನಡೆ ಇರುವುದು ಮಾಮನ ಇರುವೆಸಾಲಿನಂಥ ಅಕ್ಷರದಲ್ಲಿ.

ನೋಟ್‌ಬುಕ್ಕನ್ನು ಮಾಮನ ಅಂಗಡಿಯ ಗಾಜಿನ ಮೇಲೆ ಬಿಚ್ಚಿಟ್ಟೆ. ಅವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯಲೂ ಇಲ್ಲ.

"ಆವತ್ತು ನಿಮ್ಮಪ್ಪ ಗೆದ್ದ ಕಣಮ್ಮ."

"ಗೊತ್ತಿದ್ದೂ ಬರ್ಕೊಂಡ್ರಾ?"

"ತಪ್ಪು ಅಂದಿದ್ರೆ ಅವನ ಮುಖ ನೋಡ್ಬೇಕಾಗ್ತಿತ್ತು."

"ನನಗೊಂದು ಮಾತು ಹೇಳ್ಬಹುದಿತ್ತಲ್ಲ ಮಾಮ."

"ಹೇಳಿದ್ರೆ ನೀನು ಅವನನ್ನ ಮನೇಲಿ ಕೂರಿಸ್ತಿದ್ದೆ. ನಾನ್ಯಾರ ಜೊತೆ ಆಡ್ಲಿ, ಈ ಮುಳ್ಳುಗಳ ಜೊತೇನಾ?" ಚಿಮಟ ಕೆಳಗಿಟ್ಟ. "ಭಾನುವಾರ ಕರ್ಕೊಂಡು ಬರ್ತೀಯಾ?"

"ಇನ್ಮೇಲೆ ನಾನೇ ಆಡ್ತೀನಿ ಅವನ ಜೊತೆ. ಸರಿಯಾಗಿ."

ಭಾನುವಾರ ಬೆಳಿಗ್ಗೆ ನನ್ನ ಹೆಸರು ಮರೆತ ಅಪ್ಪ ಚಪ್ಪಲಿ ಮೆಟ್ಟಿ, ಮಣೆಯನ್ನು ಕಂಕುಳಲ್ಲಿಟ್ಟು ಬಾಗಿಲಲ್ಲಿ ನಿಂತಿದ್ದ. ಒಳಗೆ ಕರೆತಂದು ಎದುರಿಗೆ ಕೂತೆ. ಆರು ನಡೆ ಚೆನ್ನಾಗಿ ಆಡಿದ. ನನ್ನ ಕುದುರೆಯೊಂದನ್ನು ಹೊಡೆದು, "ಅಷ್ಟಕ್ಕೇ ಸುಸ್ತಾದ್ಯಾ?" ಎಂದು ನಕ್ಕ. ಏಳನೆಯದಕ್ಕೆ ಒಂಟೆಯನ್ನು ಎತ್ತಿ ನೇರ ಮುಂದಿನ ಮನೆಗಿಟ್ಟ.

"ಅಪ್ಪ, ಒಂಟೆ ಹಾಗೆ ಹೋಗಲ್ಲ."

ಅವನ ಬೆರಳು ಒಂಟೆಯ ತಲೆಯ ಮೇಲೇ ಇತ್ತು. ಮಣೆಯನ್ನು ನೋಡಿದ, ನನ್ನನ್ನು ನೋಡಿದ. ಯಾರದೋ ಮನೆಯಲ್ಲಿ ಕೇಳದೆ ಏನನ್ನೋ ಮುಟ್ಟಿದವನಂತೆ ಕೈ ಹಿಂದಕ್ಕೆಳೆದು ತೊಡೆಯ ಮೇಲಿಟ್ಟುಕೊಂಡ.

ಒಂಟೆಯನ್ನು ಅದರ ಮನೆಗೆ ವಾಪಸ್ ಇಟ್ಟೆ. "ನಿನ್ನ ನಡೆ ಅಪ್ಪ" ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದೆ. ಒಂಟೆಯನ್ನು ನಾನೇ ಎತ್ತಿ, ಅವನಿಟ್ಟಿದ್ದ ಮನೆಯಲ್ಲೇ ಇಟ್ಟು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ತೋರಿಸಿದೆ.

ಅಪ್ಪ ಕೈ ಎತ್ತಲಿಲ್ಲ.