ಎಷ್ಟು ಬೆರಳು

ನಮ್ಮ ಅಣ್ಣ ವೆಂಕೋಬನಿಗೆ ಕಣ್ಣು ಪೂರ್ತಿ ಹೋಗಿದೆ ಎಂದು ನನಗೆ ಗೊತ್ತಾದದ್ದು ಕರೆಂಟು ಹೋದ ಒಂದು ಸಂಜೆ. ಎಲ್ಲರೂ ಉಣ್ಣಲು ಕುಳಿತಿದ್ದೆವು. ಬಲ್ಬು ಆರಿದ ಕೂಡಲೇ ಅಪ್ಪನ ಕೈ ಗಂಗಾಳದ ಮೇಲೆ ನಿಂತಿತು. ಅವ್ವನ ಸೌಟು ನಿಂತಿತು. ಕತ್ತಲಾದಾಗ ಯಾರ ಕೈಯಾದರೂ ಒಂದು ಗಳಿಗೆ ನಿಲ್ಲುತ್ತದೆ. ಅಣ್ಣನ ಕೈ ನಿಲ್ಲಲಿಲ್ಲ. ಒಲೆಯೊಳಗಿನ ಕೆಂಡದ ಬೆಳಕಿನಲ್ಲಿ ನಾನು ನೋಡಿದೆ, ಅವನು ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ ಬಾಯಿಗಿಟ್ಟುಕೊಂಡ. ಅವ್ವ ನನಗೆ “ಚಿಮಣಿ ಹಚ್ಚು ಗ್ಯಾನಿ” ಎಂದ ಮೇಲೆ ಅವನು “ಹ್ಞಾ, ಎಷ್ಟು ಕತ್ತಲಾತು” ಎಂದ.

ಅವನ ಕಣ್ಣು ಹುಟ್ಟಿದಾಗಿನಿಂದ ಮಂಜು. ಆದರೂ ಹತ್ತು ಮಾರು ದೂರದವರೆಗೆ ಎತ್ತಿನ ಬಣ್ಣ ಹೇಳುತ್ತಿದ್ದ, ಬಾಗಿಲು, ಕಂಬ, ಎದುರು ಬರುವ ಮನುಷ್ಯ ಎಲ್ಲ ತಿಳಿಯುತ್ತಿತ್ತು. ದೂರ ಹೋಗಬೇಕಾದರೆ ಮಾತ್ರ ಯಾರಾದರೂ ಅವನ ಕೋಲಿನ ತುದಿ ಹಿಡಿದು ಜೊತೆಗಿರಬೇಕಿತ್ತು. ನಾಲ್ಕನೇ ಇಯತ್ತೆಗೆ ನನ್ನ ಸಾಲಿ ಬಿಡಿಸಿ ಅವನ ಜೊತೆ ಹಚ್ಚಿದ್ದು ಅದಕ್ಕೇ. ಹೆಚ್ಚು ಮಾತಾಡಿ ನನಗೆ ರೂಢಿಯಿಲ್ಲ. ಜನರ ನಡುವೆ ಅವನ ಪಕ್ಕ ಸುಮ್ಮನೆ ನಿಂತಿರುತ್ತಿದ್ದೆ. ಹಾಗೆ ನಿಂತವರಿಗೆ ನೋಡುವುದೊಂದೇ ಕೆಲಸ.

ಮರುದಿನ ಕಣದಲ್ಲಿ ಅವನಿಗೆ ಚೆಂಡು ಹಾಕುತ್ತಿದ್ದೆ. ಕುರುಡರ ಕ್ರಿಕೆಟ್ಟಿನ ಚೆಂಡಿನೊಳಗೆ ಸದ್ದಿರಬೇಕು. ಸಿಂಧನೂರಿನ ಸೈಕಲ್ ಶಾಪಿನ ಮಕ್ತುಮ್‌ಸಾಬ್ ಪ್ಲಾಸ್ಟಿಕ್ ಚೆಂಡೊಂದನ್ನು ಸೀಳಿ, ಒಳಗೆ ಸೈಕಲ್ಲಿನ ಛರ್ರೆ ಗುಂಡು ತುಂಬಿ, ಕಾಯಿಸಿದ ಕಬ್ಬಿಣದಿಂದ ಬೆಸೆದು ಕೊಟ್ಟಿದ್ದ. ನೆಲದ ಮೇಲೆ ಉರುಳಿದರೆ ಗಿಲಕಿಯಂತೆ ಗಲಗಲ ಎನ್ನುತ್ತಿತ್ತು. ಆ ದಿನ ನಾನು ಚೆಂಡು ಉರುಳಿಸದೆ ಎತ್ತಿ ಹಿಡಿದು ಸುಮ್ಮನೆ ನಿಂತೆ. ಅಣ್ಣ ಬ್ಯಾಟು ಹಿಡಿದು ಕಾದ.

“ಏನಬೇ, ಚೆಂಡು ಒಗಿ. ನಿದ್ದಿ ಬಂತೇನು?”

“ನಿನಗ ಕಾಣಂಗಿಲ್ಲಲ್ಲ” ಎಂದೆ.

ಅವನು ಬ್ಯಾಟಿನ ತುದಿಯಿಂದ ಮಣ್ಣು ಕೆದರಿದ. “ಯಾರಿಗಿ ಹೇಳೀದಿ?”

“ಯಾರಿಗೂ ಇಲ್ಲ.”

“ಹೇಳಬ್ಯಾಡ. ಆರಿಸೂತನ ಹೇಳಬ್ಯಾಡ.”

ಆ ವರ್ಷ, ತೊಂಬತ್ತೆಂಟರ ನವೆಂಬರಿನಲ್ಲಿ, ದಿಲ್ಲಿಯಲ್ಲಿ ಕುರುಡರ ವಿಶ್ವಕಪ್ ಇತ್ತು. ಅದಕ್ಕೆ ಮುಂಚೆ ಎಲ್ಲ ಕಡೆ ಆಟಗಾರರನ್ನು ಸೋಸುತ್ತಿದ್ದರು. ನಮ್ಮ ಕಡೆಯ ಪಂದ್ಯಾಟ ಶ್ರಾವಣದಲ್ಲಿ, ಸಿಂಧನೂರಿನ ಒಂದು ಸಾಲಿಯ ಮೈದಾನದಲ್ಲಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರು ತಂಡ. ಮೂರರಿಂದಲೂ ಒಳ್ಳೆಯವರನ್ನು ಹೆಕ್ಕಿ ಮುಂದಿನ ಸುತ್ತಿಗೆ ಹುಬ್ಬಳ್ಳಿಗೆ ಕಳಿಸುವುದು. ಅಣ್ಣ ಎರಡು ವರ್ಷದಿಂದ ಪ್ರತಿ ಭಾನುವಾರ ನಮ್ಮೂರು ಸಾಲಗುಂದದಿಂದ ಸಿಂಧನೂರಿಗೆ ಹೋಗಿ ಆಡುತ್ತಿದ್ದದ್ದು ಇದಕ್ಕಾಗಿಯೇ.

“ಪೂರಾ ಕಾಣದವರೂ ಆಡ್ತಾರಲ್ಲ” ಎಂದೆ.

“ಆಡ್ತಾರ. ಅವರು ಹುಟ್ಟಿದಾಗಿಂದ ಕಿವೀಲೆ ಆಡ್ಯಾರ. ನಾ ಮೊನ್ನಿತನ ಕಣ್ಣೀಲೆ ಆಡಿದಾಂವ. ಅವರ ಸಾಲಿನಾಗ ನಿಂತ್ರ ನಾ ಕಡೀಗಿ. ಕಡೀಗಿ ಇದ್ದಾಂವನ್ನ ಯಾರು ಆರಸ್ತಾರ?” ಬ್ಯಾಟು ಕಂಕುಳಿಗೆ ಸಿಕ್ಕಿಸಿಕೊಂಡು ಅಂದ, “ಅವ್ವ ಬ್ಯಾರೆ ನನ್ನ ಕಣ್ಣು ಸುಧಾರಿಸ್ಯಾವ ಅಂತ ಓಣಿ ತುಂಬ ಹೇಳ್ಯಾಳ.”

ಅಂದಿನಿಂದ ಮನೆಯಲ್ಲಿ ಅವನಿಗೆ ನಾನು ಬಳೆಯ ಸದ್ದಿನಿಂದ ಜಾಗ ತೋರಿಸತೊಡಗಿದೆ. ಪಂಚಮಿಗೆ ಬಳೆಗಾರ್ತಿ ಹಾಜಿರಾಬೀ ಕೈ ಹಿಂಡಿ ತೊಡಿಸಿಹೋದ ಹಸಿರು ಗಾಜಿನ ಬಳೆ, ಎರಡೂ ಕೈ ತುಂಬ ಇದ್ದವು. ಅವ್ವ ನೀರಿನ ಚೊಂಬು ಚಾಚಿದರೆ ನಾನು ಅದರ ಪಕ್ಕ ಕೈ ಆಡಿಸುತ್ತಿದ್ದೆ. ಅವನು ನೇರ ಕೈ ಹಾಕಿ ಹಿಡಿಯುತ್ತಿದ್ದ. ಹೊಸ್ತಿಲು, ಗೂಟ, ಮೂಲೆಯ ಒರಳು, ಎಲ್ಲದರ ಹತ್ತಿರ ಒಂದು ಗಿಲ್. ಹೆಣ್ಣುಮಕ್ಕಳ ಬಳೆ ಸದ್ದು ಮಾಡಿದರೆ ಯಾರು ತಿರುಗಿ ನೋಡುತ್ತಾರೆ. ಅವ್ವನೂ ನೋಡಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಬಸ್ಸಿನಲ್ಲಿ ಅವನು ನನ್ನ ಕಿವಿಯ ಹತ್ತಿರ ಬಾಗಿದ. “ಡಾಕ್ಟರ್ ಬೆರಳೆತ್ತಿ ಎಷ್ಟು ಅಂತ ಕೇಳ್ತಾರ. ನೀ ಒಳಗ ಬಾ. ನೀರಿನ ಕೊಡ ಹಿಡಕೊಂಡು ನಿಂದರು. ಎಷ್ಟು ಬೆರಳೋ ಅಷ್ಟು ಸಲ.”

“ಸಿಕ್ಕಿಬಿದ್ರ?”

“ನಿನ್ನ ಯಾರು ನೋಡ್ತಾರ?” ಅಂದ. ಅವನು ತಮಾಷೆಗೆ ಅಂದದ್ದು. ಆದರೆ ನಿಜವೇ ಆಗಿತ್ತು.

ತಂಡವನ್ನು ನೋಡಿಕೊಳ್ಳುತ್ತಿದ್ದ ಕರಿಬಸಯ್ಯ ಮಾಸ್ತರು ಒಂದು ತರಗತಿಯ ಕೋಣೆಯಲ್ಲಿ ಎಲ್ಲರನ್ನೂ ಗೋಡೆಗುಂಟ ಕೂರಿಸಿದ್ದರು. ಪೂರ್ತಿ ಕಾಣದವರು ಯಾರು, ಅಲ್ಪಸ್ವಲ್ಪ ಕಾಣುವವರು ಯಾರು ಎಂದು ಡಾಕ್ಟರು ಬೇರೆ ಮಾಡಬೇಕಿತ್ತು. ತಂಡದಲ್ಲಿ ಎರಡೂ ಬಗೆಯವರು ಇರಬೇಕು, ಕಾಣುವವರು ಕಾಣದವರಿಗೆ ಕೂಗಿ ದಾರಿ ಹೇಳಬೇಕು, ಅದು ಆಟದ ಪದ್ಧತಿ. ಡಾಕ್ಟರು ಹುಡುಗ ವಯಸ್ಸಿನವರು, ಬೆವರು ಒರೆಸಿಕೊಳ್ಳುತ್ತ ಗಡಿಬಿಡಿಯಲ್ಲಿದ್ದರು. ನಾನು ಕಿಟಕಿಯ ಹತ್ತಿರ ಕೊಡದ ಪಕ್ಕ ನಿಂತೆ.

ಅಣ್ಣನ ಸರದಿ ಬಂತು. ಡಾಕ್ಟರು ದೂರ ಸರಿದು ಎರಡು ಬೆರಳೆತ್ತಿದರು. ನಾನು ಸೆರಗು ಸರಿಮಾಡಿಕೊಂಡಂತೆ ಎರಡು ಸಲ ಕೈ ಅಲ್ಲಾಡಿಸಿದೆ.

“ಎರಡು” ಎಂದ ಅಣ್ಣ.

ಆಮೇಲೆ ಮೂರು. ಆಮೇಲೆ ಒಂದು. ಡಾಕ್ಟರು ‘ಅಲ್ಪಸ್ವಲ್ಪ ಕಾಣುವವ’ ಎಂದು ಬರೆದುಕೊಂಡು ಮುಂದಿನವನನ್ನು ಕರೆದರು. ಅಣ್ಣನ ಪಕ್ಕ ಕುಳಿತಿದ್ದ ಹಂಪಣ್ಣ ನನ್ನ ಕಡೆ ಮುಖ ತಿರುಗಿಸಿದ. ಸಿಂಧನೂರಿನ ಕಿರಾಣಿ ಅಂಗಡಿಯವರ ಮಗ, ಹುಟ್ಟು ಕುರುಡ, ಮೂರೂ ಊರಿನಲ್ಲಿ ಅವನಂಥ ಆಟಗಾರನಿಲ್ಲ ಎನ್ನುತ್ತಿದ್ದರು.

ಮೊದಲು ಮಸ್ಕಿಯವರ ಜೊತೆ ಆಟ. ಬೌಲರು “ರೆಡಿ?” ಎಂದು ಕೇಳುತ್ತಾನೆ, ಬ್ಯಾಟು ಹಿಡಿದವನು “ಎಸ್” ಎನ್ನುತ್ತಾನೆ, ಬೌಲರು “ಪ್ಲೇ” ಎಂದು ನೆಲದ ಮೇಲೆ ಚೆಂಡು ಉರುಳಿಸುತ್ತಾನೆ. ನೋಡಲು ಬಂದವರು ಸದ್ದು ಮಾಡುವಂತಿಲ್ಲ. ಅಷ್ಟು ಜನ ಉಸಿರು ಹಿಡಿದು ಕುಳಿತದ್ದನ್ನು ನಾನು ಸಿನಿಮಾದ ಡೇರೆಯಲ್ಲೂ ಕಂಡಿರಲಿಲ್ಲ. ಅಣ್ಣ ಮಂಡಿಯೂರಿ ಬ್ಯಾಟು ಅಡ್ಡ ಬೀಸಿದ. ಕಣದಲ್ಲಿ ಕಲಿತದ್ದು ಕೈಬಿಡಲಿಲ್ಲ, ನಾಲ್ಕು ಸಲ ಚೆಂಡು ಗೆರೆ ದಾಟಿತು. ನಾವು ಗೆದ್ದೆವು. ಕರಿಬಸಯ್ಯ ಮಾಸ್ತರು ಅವನ ಬೆನ್ನು ಚಪ್ಪರಿಸಿ, “ಹುಬ್ಬಳ್ಳಿಗೆ ಚೀಲ ಕಟ್ಟಲೇ ವೆಂಕೋಬ” ಎಂದರು. ಅಣ್ಣ ನಕ್ಕ. ಅವನು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ಮಧ್ಯಾಹ್ನ ಲಿಂಗಸುಗೂರಿನವರ ಜೊತೆ. ಅವರು ಮೈದಾನಕ್ಕೆ ಇಳಿಯುವಾಗಲೇ ಕೆಣಕಿದರು.

“ಏನಲೇ ಸಿಂಧನೂರ ಮಂದಿ, ಕಾಲುವಿ ನೀರಿನ ಅನ್ನ ಉಂಡು ಹೊಟ್ಟಿ ಬಂದಾವು. ಓಡಾಕ ಆಗತೈತೇನು?”

“ನಮ್ಮ ಹೊಟ್ಟಿ ನಿನಗ ಹ್ಯಾಂಗ ಕಾಣತೋ ಕುರುಡ?” ಎಂದ ಹಂಪಣ್ಣ. ಎರಡೂ ತಂಡ ನಕ್ಕವು.

ಮೈದಾನದ ಅಂಚಿನಲ್ಲಿ, ಬೇವಿನ ಮರದ ಕೆಳಗೆ, ಸಾಲಿಯವರ ಕಲ್ಲಿನ ರೋಲರ್ ಇತ್ತು. ಅದನ್ನು ಸರಿಸಲು ಆಗಿರಲಿಲ್ಲ. ಆಟಕ್ಕೆ ಮುಂಚೆ ಮಾಸ್ತರು ಕಾಣುವವರನ್ನೆಲ್ಲ ಕರೆದು ಹೇಳಿದ್ದರು. “ಆ ಕಡೆ ಚೆಂಡು ಹೋದ್ರ ಹಂಪಣ್ಣಗ ನಿಂದರು ಅನ್ರಿ. ನಿಮ್ಮ ಕಣ್ಣೇ ಅವನ ಕಣ್ಣು, ತಿಳೀತಿಲ್ಲೋ?” ಅಣ್ಣನೂ ತಲೆಯಾಡಿಸಿದ್ದ.

ಲಿಂಗಸುಗೂರಿನವನು ಹೊಡೆದ ಒಂದು ಚೆಂಡು ಬೇವಿನ ಮರದ ಕಡೆ ಗಲಗಲ ಉರುಳಿತು. ಹಂಪಣ್ಣ ಅದರ ಹತ್ತಿರವಿದ್ದ, ಅಣ್ಣ ಅವನ ಹಿಂದೆ. ಓವರು ಬದಲಾಗುತ್ತ, ಜಾಗ ಬದಲಾಗುತ್ತ ಅಣ್ಣನಿಗೆ ಯಾವ ದಿಕ್ಕು ಯಾವುದೆಂದು ತಪ್ಪಿಹೋಗಿತ್ತು. ಅದು ನನಗೆ ಅವನ ಮುಖದಲ್ಲೇ ಕಂಡಿತು. ತಲೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗುತ್ತಿತ್ತು, ಕಟ್ಟು ಬಿಚ್ಚಿದ ಕುರಿ ಮಂದೆ ಹುಡುಕುವ ಹಾಗೆ.

ಹಂಪಣ್ಣ ಕೂಗಿದ. “ವೆಂಕೋಬಾ, ಓಡಲೇನು?”

“ಓಡು, ಬಯಲೈತಿ” ಎಂದ ಅಣ್ಣ.

ಹಂಪಣ್ಣ ಓಡಿದ. ನನ್ನ ಬಾಯಿಂದ ಸದ್ದು ಹೊರಡುವುದರೊಳಗೆ ಅವನ ಮೊಣಕಾಲು ರೋಲರಿಗೆ ಬಡಿಯಿತು, ಅದರ ಮೇಲೆ ಕವುಚಿ ಬಿದ್ದ, ಹಣೆ ಕಬ್ಬಿಣದ ಹಿಡಿಗೆ ತಾಗಿತು. ರಕ್ತ ಕಣ್ಣಿನ ಗುಳಿಗೆ ಇಳಿಯಿತು. ಅವನು ಅದನ್ನು ಒರೆಸಿಕೊಳ್ಳದೆ ಚೆಂಡಿಗಾಗಿ ಕೈ ಆಡಿಸುತ್ತಿದ್ದ.

ಬಿಸಿಲು ಹೊಡೆದು ಕಣ್ಣು ಕುಕ್ಕಿತು, ಅದಕ್ಕೇ ತಪ್ಪಾಯಿತು ಎಂದು ಅಣ್ಣ ಮಾಸ್ತರಿಗೆ ಹೇಳಿದ. ಮಾಸ್ತರು ನಂಬಿದರು. ಆಟ ಮುಂದುವರಿಯಿತು.

ಹಂಪಣ್ಣನ ಹಣೆಗೆ ಪಟ್ಟಿ ಕಟ್ಟಿ ಜಗಲಿಯ ಮೇಲೆ ಕೂರಿಸಿದ್ದರು. ಮೊಣಕಾಲು ಕುಂಬಳದಷ್ಟು ಊದಿತ್ತು. ನಾನು ನೀರು ಕೊಡಲು ಹೋದೆ.

“ಗ್ಯಾನಮ್ಮ ಹೌದಿಲ್ಲೋ?” ಎಂದ. “ಬಳಿ ಸಪ್ಪಳದ ಮ್ಯಾಲೆ ಗುರುತು ಹಿಡದ್ನಿ. ಮುಂಜಾನಿ ಎರಡು ಸಲ ಆತು, ನಿಮ್ಮಣ್ಣ ಎರಡು ಅಂದ. ಮೂರು ಸಲ ಆತು, ಮೂರು ಅಂದ.”

ನಾನು ಚೊಂಬನ್ನು ಅವನ ಕೈಗಿಟ್ಟೆ. “ಮಾಸ್ತರಿಗಿ ಹೇಳ್ತೀರೇನ್ರಿ?”

“ಹೇಳೂದಿದ್ರ ಆಗಲೇ ಹೇಳ್ತಿದ್ನಿ.”

“ಗೊತ್ತಿದ್ದೂ ಅವ ಓಡು ಅಂದ್ರ ಓಡಿದ್ರಿ.”

“ಆಟದಾಗ ಹಿಂದಿನಾಂವ ಓಡು ಅಂದ್ರ ಓಡಬೇಕು ತಂಗಿ. ಒಮ್ಮಿ ನಿಂತು ವಿಚಾರ ಮಾಡಿದ್ನೆಂದ್ರ ನಾ ಮತ್ತ ಯಾವತ್ತೂ ಓಡಂಗಿಲ್ಲ.” ನೀರು ಕುಡಿದು ಚೊಂಬು ನನ್ನ ಕಡೆ ಚಾಚಿದ. “ನನಗ ಹಣಿ ಒಡದೈತಿ, ಮಾಯತೈತಿ. ಹುಬ್ಬಳ್ಳ್ಯಾಗ ಇನ್ಯಾವನೋ ಓಡ್ತಾನ. ಅಂವಗ ನಿಮ್ಮಣ್ಣನ ಸುದ್ದಿ ಗೊತ್ತಿರಂಗಿಲ್ಲ. ನೀ ಅಲ್ಲಿ ಇರ್ತೀಯೋ ಇಲ್ಲೋ.”

ನಾನು ಚೊಂಬು ತೆಗೆದುಕೊಂಡು ಕೊಡದ ಕಡೆ ನಡೆದೆ.

ಸಂಜೆ ಆರಿಸಿದವರ ಹೆಸರು ಓದಿದರು. ಹಂಪಣ್ಣನ ಹೆಸರಿತ್ತು, ಕಾಲು ಮಾಯ್ದರೆ ಎಂಬ ಮಾತಿನೊಂದಿಗೆ. ಅಣ್ಣನ ಹೆಸರೂ ಇತ್ತು. ಜನ ಚಪ್ಪಾಳೆ ತಟ್ಟಿದರು. ಆರಿಸಿದವರ ಕಣ್ಣನ್ನು ಇನ್ನೊಮ್ಮೆ ನೋಡಿ ಸಹಿ ಹಾಕಬೇಕು ಎಂದು ಡಾಕ್ಟರು ಮತ್ತೆ ಅದೇ ಕೋಣೆಗೆ ಕರೆದರು. ಅಣ್ಣ ನನ್ನ ಭುಜ ಹಿಡಿದು ಬಂದ. ಅವನ ಅಂಗೈ ಬೆಚ್ಚಗಿತ್ತು. “ಇದೊಂದು ಸಲ ಗ್ಯಾನಿ” ಎಂದ ಮೆಲ್ಲಗೆ.

ನಾನು ಕಿಟಕಿಯ ಹತ್ತಿರ, ಅದೇ ಜಾಗದಲ್ಲಿ ನಿಂತೆ. ಹೊರಗೆ ಬೇವಿನ ಮರದ ಕೆಳಗೆ ರೋಲರ್ ಕಾಣುತ್ತಿತ್ತು. ಅದರ ಹಿಡಿಯ ಮೇಲೆ ಯಾರೋ ನೀರು ಸುರಿದಿದ್ದರು. ಮಾಸ್ತರಿಗೆ ಹೇಳುವ ಧೈರ್ಯ ನನ್ನಲ್ಲಿರಲಿಲ್ಲ. ಅಷ್ಟು ಗಂಡಸರ ಮುಂದೆ ಬಾಯಿ ತೆರೆದು ನಮ್ಮ ಅಣ್ಣನಿಗೆ ಕಾಣುವುದಿಲ್ಲ ಎನ್ನಲು ನನ್ನಿಂದ ಆಗುತ್ತಿರಲಿಲ್ಲ. ನನ್ನಿಂದ ಆಗುವುದು ಒಂದೇ ಇತ್ತು. ರೊಟ್ಟಿ ಬಡಿಯಲು ಕೂತಾಗ ಮಾಡುವಂತೆ ಎರಡೂ ಕೈಯ ಬಳೆಗಳನ್ನು ಮೇಲಕ್ಕೆ ಸರಿಸಿದೆ. ಮುಂಗೈ ದಾಟಿ, ತೋಳಿನ ದಪ್ಪಕ್ಕೆ ಬಿಗಿಯಾಗಿ ಕೂರುವವರೆಗೆ. ಆಮೇಲೆ ಅವು ಮಿಸುಕಲಿಲ್ಲ.

ಡಾಕ್ಟರು ನಾಲ್ಕು ಬೆರಳೆತ್ತಿದರು. “ಎಷ್ಟು?”

ಅಣ್ಣ ಕಾದ. ಮುಖ ನೇರವಿತ್ತು, ಕಿವಿ ಮಾತ್ರ ನನ್ನ ಕಡೆ.

“ಎಷ್ಟಪ್ಪಾ?”

ಹೊರಗೆ ಯಾವುದೋ ಲಾರಿ ಹಾದುಹೋಯಿತು. ಅದರ ಸದ್ದು ತಗ್ಗಲಿ ಎಂದು ಅಣ್ಣ ಇನ್ನಷ್ಟು ಕಾದ. ಸದ್ದು ತಗ್ಗಿತು. ನಾನು ಕೈಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ.

“ಗ್ಯಾನಿ ಅದಾಳೇನ್ರಿ ಇಲ್ಲಿ?” ಎಂದು ಕೇಳಿದ.

“ಇಲ್ಲೇ ಅದಾಳಲ್ಲೋ, ಕಿಟಕ್ಯಾಗ” ಎಂದರು ಕರಿಬಸಯ್ಯ ಮಾಸ್ತರು. ಹೇಳುತ್ತಲೇ ಅವರ ಮುಖ ಬದಲಾಯಿತು.

ಅಣ್ಣ “ಎರಡು” ಎಂದ. ಡಾಕ್ಟರು ಹತ್ತಿರ ಬಂದು, ಟಾರ್ಚು ಹಚ್ಚಿ, ಅವನ ಒಂದೊಂದೇ ಕಣ್ಣಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಅಣ್ಣ ಕೈ ಕಟ್ಟಿ ನಿಂತಿದ್ದ. ಮಾಸ್ತರು ಹಣೆ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತರು. ಬೈಯಲಿಲ್ಲ. ಕೊನೆಗೆ “ಪೂರಾ ಕಾಣದವರ ಪೈಕಿ ನಿನಗಿಂತ ಚಲೋ ಆಡೋರು ಅದಾರಲ್ಲೋ ತಮ್ಮಾ” ಎಂದರು. ಅದು ಅಣ್ಣನಿಗೆ ಗೊತ್ತಿದ್ದ ಮಾತೇ.

ಬಸ್ಸಿನಲ್ಲಿ ಅವನು ನನ್ನ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನ ಹಿಡಿಕೆ ತಡವಿ ಅಲ್ಲಿ ಕುಳಿತ. ಸಾಲಗುಂದದಲ್ಲಿ ಇಳಿದ ಮೇಲೆ ನಾನು ಕೋಲಿನ ತುದಿ ಹಿಡಿಯಲು ಹೋದೆ. ಎಳೆದುಕೊಂಡ.

“ಹಿಂದ ಬಾ. ಸಪ್ಪಳ ಮಾಡಬ್ಯಾಡ.”

ಬಳೆ ಇನ್ನೂ ತೋಳಿನಲ್ಲೇ ಇದ್ದವು. ನಾನು ಹಿಂದೆ ನಡೆದೆ. ನಾಟಿ ಮುಗಿಸಿ ಬರುತ್ತಿದ್ದ ಹೆಂಗಸರು ದಾರಿ ಬಿಟ್ಟರು. ಕಾಲುವೆಯ ಸಣ್ಣ ಸೇತುವೆಯ ಹತ್ತಿರ ಅವನು ನಿಂತ. ನೀರು ತುಂಬಿ ಹರಿಯುತ್ತಿತ್ತು, ಸೇತುವೆಗೆ ಒಂದು ಬದಿ ಕಟ್ಟೆಯಿರಲಿಲ್ಲ. ನನ್ನ ಕೈ ತಾನಾಗಿಯೇ ಬಳೆ ಇಳಿಸಲು ಹೋಯಿತು. ಹಿಡಿದುಕೊಂಡೆ. ಅವನು ಕೋಲಿನಿಂದ ಬಡಿದು, ಬಡಿದು, ಕಟ್ಟೆಯ ಕಲ್ಲು ಹುಡುಕಿ, ಅದನ್ನು ಸವರುತ್ತ ದಾಟಿದ. ತಿರುಗಿ ನನ್ನನ್ನು ಕರೆಯಲಿಲ್ಲ. ಅವನು ಆಚೆ ದಂಡೆ ಮುಟ್ಟಿದ ಮೇಲೆ ನಾನು ದಾಟಿದೆ.

ಅವ್ವ ಅಂಗಳದಲ್ಲೇ ಕಾಯುತ್ತಿದ್ದಳು. “ಆರಿಸಿದ್ರೇನೋ ನನ್ನಪ್ಪಾ?” ಎನ್ನುತ್ತ ಒಳಗೋಡಿ, ದಣಿದು ಬಂದ ಮಗನಿಗೆ ನೀರಿನ ಚೊಂಬು ತಂದು ಚಾಚಿದಳು.

ನಾನು ಹೊಸ್ತಿಲ ಹೊರಗೆ ನಿಂತೆ. ಅಣ್ಣ ಕೈ ನೀಡಿದ. ಚೊಂಬು ಒಂದು ಕಡೆ, ಅವನ ಕೈ ಇನ್ನೊಂದು ಕಡೆ ಗಾಳಿಯಲ್ಲಿ ಹುಡುಕಿತು. ಅವ್ವ ಮೊದಲು ನಕ್ಕಳು, ಅವನು ಆಟವಾಡಿಸುತ್ತಿದ್ದಾನೆ ಎಂದುಕೊಂಡಿರಬೇಕು. ಆಮೇಲೆ ನಗು ನಿಂತಿತು. ಅವಳು ನನ್ನ ಕಡೆ ನೋಡಿದಳು. ನನ್ನ ಬರಿ ಮುಂಗೈಗಳನ್ನು ನೋಡಿದಳು.

ಅಣ್ಣನ ಕೈ ಕೆಳಗಿಳಿಯಲಿಲ್ಲ.

“ಅವ್ವಾ” ಎಂದ, “ಸಪ್ಪಳ ಮಾಡಿ ಕೊಡು.”