ಮುಂದೆ ಹೋಗುವವಳು

"ಕೆರೆ ಏರಿ ಮುಗಿಯೋವರ್ಗೂ ನೀನು ಎಳೀಬೇಕು ರೋಜಾ. ಆಮೇಲೆ ಬದುಕುದ್ರೂ ಸರಿ, ಸತ್ರೂ ಸರಿ," ಎಂದರು ಆಟದ ಮೇಷ್ಟ್ರು ಶಿವಪ್ರಕಾಶ್.

ರೋಜಾಳ ಬೆನ್ನಿಗೆ ನಂಬರಿನ ಬಟ್ಟೆ ಇಟ್ಟು ಪಿನ್ನು ಹಾಕುತ್ತಿದ್ದವಳು ಯಶೋದ. ಪಿನ್ನು ಅಂಗಿ ದಾಟಿ ಚರ್ಮಕ್ಕೂ ನಾಟಿತು. ಬೇಕೆಂದೇ ಚುಚ್ಚಿದಳು ಎನ್ನುವುದರಲ್ಲಿ ರೋಜಾಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಲ್ಲು ಕಚ್ಚಿ ನಿಂತಳು.

"ಸಾ, ಈ ಸಲ ಯಶೋದ ಎಳೀಲಿ. ನಾನು ಇಂದ್ಗಡೆ ಓಡ್ತೀನಿ," ಎಂದಳು.

"ಗೆಲ್ಲೋ ಕುದುರೇನ ಯಾರಾದ್ರೂ ಗಾಡಿಗೆ ಕಟ್ತಾರೇನಮ್ಮ?" ಎಂದು ನಕ್ಕು ಮೇಷ್ಟ್ರು ವಿಸಿಲ್ ಹುಡುಕಿಕೊಂಡು ಹೋದರು.

ಯಶೋದ ಅವಳ ಕಿವಿಯ ಹತ್ತಿರ ಬಂದು, "ಎಳೆಯದ್ ಬುಟ್ರೆ ನಿಂಗೆ ಇನ್ನೇನ್ ಬತ್ತದಮಿ?" ಎಂದಳು.

ಆ ವರ್ಷ, ತೊಂಬತ್ತಾರರಲ್ಲಿ, ಅಂತರ ಕಾಲೇಜು ಗುಡ್ಡಗಾಡು ಓಟ ಕೊಳ್ಳೇಗಾಲದಲ್ಲಿತ್ತು. ಮೈಸೂರಿನ ರಮ್ಯ ಎಂಬ ಹುಡುಗಿಯೊಬ್ಬಳಿದ್ದಳು. ಓಟದುದ್ದಕ್ಕೂ ಯಾರದೋ ಬೆನ್ನ ಹಿಂದೆ ಅಡಗಿಕೊಂಡು ಬಂದು, ಕೊನೆಯ ಬಯಲಿನಲ್ಲಿ ಬಾಣದ ಹಾಗೆ ಹೊರಡುವವಳು. ಅವಳನ್ನು ಮಣಿಸಲು ಇರುವುದು ಒಂದೇ ದಾರಿ. ಮೊದಲರ್ಧದಲ್ಲೇ ಎಲ್ಲರ ಉಸಿರು ಕಿತ್ತುಹೋಗುವಷ್ಟು ಜೋರಾಗಿ ಯಾರಾದರೂ ಮುಂದೆ ಓಡಬೇಕು. ರಮ್ಯಳ ಕಾಲಲ್ಲಿ ಕೊನೆಗೆ ಏನೂ ಉಳಿಯಬಾರದು. ಹಾಗೆ ಎಳೆದವಳ ಕಾಲಲ್ಲೂ ಉಳಿಯುವುದಿಲ್ಲ, ಆ ಮಾತು ಬೇರೆ. ಹೋದ ವರ್ಷ ರೋಜಾ ಎಳೆದಳು, ಯಶೋದ ಗೆದ್ದಳು. ರೋಜಾ ಎಂಟನೆಯವಳಾಗಿ ಬಂದು ಗೆರೆಯ ಮೇಲೇ ವಾಂತಿ ಮಾಡಿಕೊಂಡಳು. ವಿಶ್ವವಿದ್ಯಾನಿಲಯದ ತಂಡಕ್ಕೆ ಆರಿಸುವುದು ಮೊದಲ ಆರು ಜನರನ್ನು. ಯಶೋದ ತಂಡದ ನೀಲಿ ಟ್ರ್ಯಾಕ್‌ಸೂಟ್ ಹಾಕಿಕೊಂಡು ರೈಲು ಹತ್ತಿ ಹೋದಳು. ಬಂದ ಮೇಲೂ ತಿಂಗಳುಗಟ್ಟಲೆ ಹಾಸ್ಟೆಲಿನಲ್ಲಿ ಅದನ್ನೇ ಹಾಕಿಕೊಂಡು ಮಲಗಿದಳು. "ಯಾರ್ ಸಹಾಯನೂ ಇಲ್ದೆ ಗೆದ್ದೆ" ಎಂದು ಕಂಡಕಂಡವರಿಗೆ ಹೇಳಿಕೊಂಡಳು.

ಇಬ್ಬರೂ ಹೂಗ್ಯಂ ಆಚೆಗಿನ ಒಂದೇ ದೊಡ್ಡಿಯವರು, ಕಾಡಂಚಿನ ಆ ಪುಟ್ಟ ಊರಿನಲ್ಲಿ ಅಕ್ಕಪಕ್ಕದ ಮನೆಯವರು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರಿಗೆ ಈಗ ಒಬ್ಬರ ಮುಖ ಒಬ್ಬರಿಗೆ ಕಂಡರಾಗುತ್ತಿರಲಿಲ್ಲ. ರೋಜಾಳಿಗೆ ಇದು ಕಡೆಯ ವರ್ಷ. ವಿಶ್ವವಿದ್ಯಾನಿಲಯದ ತಂಡದಲ್ಲಿ ಓಡಿದ್ದರೆ ಪೊಲೀಸ್ ಕೆಲಸಕ್ಕೆ ಕ್ರೀಡಾ ಕೋಟಾದಲ್ಲಿ ದಾರಿಯಿದೆ ಎಂದು ಮೇಷ್ಟ್ರೇ ಹೇಳಿದ್ದರು. ಇಲ್ಲದಿದ್ದರೆ ದೊಡ್ಡಿಗೆ ವಾಪಸು, ಮಾರ್ಟಳ್ಳಿ ಕಡೆಯಿಂದ ಬಂದು ನೋಡಿಕೊಂಡು ಹೋದ ಗಂಡಿಗೆ ಕೊರಳು ಕೊಡುವುದು. ಆರರೊಳಗೆ ಬರಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ವಿಸಿಲ್ ಊದಿದರು. ಕಾಲೇಜಿನ ಮೈದಾನ ದಾಟಿ ಕಬ್ಬಿನ ಗದ್ದೆಗಳ ನಡುವಿನ ಗಾಡಿ ಜಾಡಿಗೆ ಹುಡುಗಿಯರ ಹಿಂಡು ನುಗ್ಗಿತು. ಕಬ್ಬಿನ ಸೋಗೆ ತೋಳುಗಳನ್ನು ಕೊಯ್ಯುತ್ತಿತ್ತು. ರೋಜಾ ಮೊಣಕೈಯಲ್ಲಿ ಇಬ್ಬರನ್ನು ತಳ್ಳಿ ಮುಂದಾದಳು. ಒಬ್ಬಳು ಬೈದಳು, ಇನ್ನೊಬ್ಬಳು ಜಡೆ ಹಿಡಿಯಲು ನೋಡಿದಳು. ಕೆರೆ ಏರಿ ಹತ್ತುವಾಗ ರೋಜಾ ಎಲ್ಲರಿಗಿಂತ ಮುಂದೆ, ಅವಳ ಹಿಮ್ಮಡಿಗೆ ಅಂಟಿಕೊಂಡು ಯಶೋದ, ಅವಳ ಹಿಂದೆ ರಮ್ಯ. ಮೇಷ್ಟ್ರು ತೂಬಿನ ಹತ್ತಿರ ನಿಂತು ಭೇಷ್ ಭೇಷ್ ಎಂದು ಕೂಗುತ್ತಿದ್ದರು.

ಏರಿ ಒಬ್ಬರ ಹಿಂದೆ ಒಬ್ಬರು ಓಡುವಷ್ಟೇ ಅಗಲ. ಒಂದು ಕಡೆ ನೀರು, ಇನ್ನೊಂದು ಕಡೆ ಮುಳ್ಳು ಬೆಳೆದ ಇಳಿಜಾರು. ದಾಟಿ ಮುಂದೆ ಹೋಗಲು ಜಾಗವೇ ಇಲ್ಲ. ಮೇಷ್ಟ್ರು ಮರೆಯಾದದ್ದೇ ತಡ, ರೋಜಾ ನಿಧಾನ ಮಾಡಿದಳು.

"ಎಳಿಮಿ! ಯಾಕ್ ಸತ್ತೋಯ್ತಿದ್ದೀಯೆ?" ಎಂದು ಯಶೋದ ಹಿಂದಿನಿಂದ ಬುಸುಗುಟ್ಟಿದಳು.

ರೋಜಾ ಕೇಳಿಸದವಳಂತೆ ಓಡಿದಳು. ನನ್ನ ಕಾಲು, ನನ್ನ ಉಸಿರು, ಇವಳಪ್ಪನ ಮನೆಯದ್ದಲ್ಲ ಎಂದುಕೊಂಡಳು. ಯಶೋದ ಅವಳ ಹಿಮ್ಮಡಿ ತುಳಿದಳು. ಅಂಗಿ ಹಿಡಿದು ಜಗ್ಗಿದಳು. ಬೆನ್ನಿಗೆ ಗುದ್ದಿದಳು. "ನಿನ್ ವಂಸ ಆಳಾಗ, ಎಳಿಯೇ!" ಎಂದಳು. ಹಿಂದಿನ ಸಾಲಿನಿಂದ ಹತ್ತಾರು ಬಾಯಿಗಳು ಬೈಗುಳ ಎಸೆದವು. ರಮ್ಯ ಒಬ್ಬಳೇ ಸುಮ್ಮನೆ ಬರುತ್ತಿದ್ದಳು. ಓಟ ನಿಧಾನವಾದಷ್ಟೂ ಅವಳಿಗೆ ಹಬ್ಬ.

ಏರಿಯ ಕೊನೆ ಕಾಣಿಸಿತು. ಅದರಾಚೆ ಬಯಲು, ಬಯಲಿನ ತುದಿಯಲ್ಲಿ ಕಾಲೇಜು. ಆಗ ರೋಜಾಳಿಗೆ ತನ್ನ ಲೆಕ್ಕ ತಪ್ಪಿದ್ದು ಹೊಳೆಯಿತು. ತನ್ನ ಕಾಲು ಉಳಿಸಿಕೊಂಡಿದ್ದಳು, ನಿಜ. ಅದರ ಜೊತೆಗೆ ಹಿಂದಿದ್ದವರೆಲ್ಲರ ಕಾಲನ್ನೂ ಉಳಿಸಿಕೊಟ್ಟಿದ್ದಳು. ಬಯಲಿಗೆ ಬಿದ್ದ ಕೂಡಲೇ ಅವರೆಲ್ಲ ಎಡಕ್ಕೂ ಬಲಕ್ಕೂ ಹರಿದು ಅವಳನ್ನು ಹಿಂದೆ ಹಾಕುತ್ತಾರೆ. ಕೊನೆಯ ಜಿಗಿತ ಅವಳಿಗೆ ಎಂದೂ ಬಂದದ್ದಲ್ಲ. ಎಂಟನೆಯ ಜಾಗವೂ ಸಿಗುವ ನಂಬಿಕೆಯಿಲ್ಲ.

ಅವಳು ಮೊದಲೇ ಯೋಚಿಸಿಕೊಂಡು ಬಂದಿರಲಿಲ್ಲ. ಯೋಚಿಸಲು ಪುರುಸೊತ್ತೂ ಇರಲಿಲ್ಲ. ಹೆಗಲು ಕುಗ್ಗಿಸಿದಳು, ಬಲಗೈಯನ್ನು ಸೊಂಟದ ಹತ್ತಿರ ಇಳಿಸಿದಳು, ಅಂಗೈ ಅಗಲಿಸಿ ಹಿಂದಕ್ಕೆ ತೋರಿಸಿದಳು.

ಯಶೋದ ನೆಟ್ಟ ಕಂಬದ ಹಾಗೆ ನಿಂತುಬಿಟ್ಟಳು.

ದೊಡ್ಡಿಯಿಂದ ಹೂಗ್ಯಂ ಬಸ್ಸಿಗೆ ಬರುವ ಕಾಡುದಾರಿಯಲ್ಲಿ ಜನ ಸಾಲಾಗಿ ನಡೆಯುತ್ತಾರೆ. ಮುಂದೆ ಹೋಗುವವರ ಕೈ ಹಾಗೆ ಇಳಿದರೆ ಮುಂದೆ ಆನೆಯಿದೆ ಎಂದು ಅರ್ಥ. ಹಿಂದಿರುವವರು ಕೇಳುವಂತಿಲ್ಲ, ಇಣುಕುವಂತಿಲ್ಲ, ಎತ್ತಿದ ಹೆಜ್ಜೆಯನ್ನು ಸದ್ದಿಲ್ಲದೆ ಇಟ್ಟು ನಿಲ್ಲಬೇಕು. ನಡೆಯಲು ಕಲಿಯುವಾಗಲೇ ಮಕ್ಕಳು ಇದನ್ನೂ ಕಲಿಯುತ್ತವೆ. ಹಿಂದೊಮ್ಮೆ ಚೌಡೇಶ ಎಂಬ ಪಡ್ಡೆ ಹುಡುಗ ತಮಾಷೆಗೆಂದು ಕೈ ತೋರಿಸಿದ್ದಕ್ಕೆ ಅವನ ಅಪ್ಪನೇ ಬಾರುಕೋಲಿನಲ್ಲಿ ಬಾರಿಸಿದ್ದ. ಬಿಡಿಸಲು ಒಬ್ಬರೂ ಹೋಗಿರಲಿಲ್ಲ.

ರಮ್ಯ ಬಂದು ಯಶೋದಳಿಗೆ ಡಿಕ್ಕಿ ಹೊಡೆದಳು. ಅವಳ ಮೇಲೆ ಇನ್ನೊಬ್ಬಳು, ಅವಳ ಮೇಲೆ ಮತ್ತೊಬ್ಬಳು. ಯಶೋದ ಮುಳ್ಳಿನ ಇಳಿಜಾರಿಗೆ ಉರುಳಿದಳು. ಕಿರುಚಾಟ ಕೇಳುತ್ತಿದ್ದಂತೆ ರೋಜಾ ಬಯಲಿಗೆ ಬಿದ್ದು ಓಡಿದಳು. ಬೆನ್ನ ಹಿಂದೆ ಯಾರೂ ಇಲ್ಲದ ಆ ಓಟದಷ್ಟು ಸುಖವನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಆದರೂ ರಮ್ಯ ಎದ್ದು ಬಂದು ಗೆದ್ದಳು. ಇನ್ನೊಬ್ಬಳೂ ದಾಟಿದಳು. ರೋಜಾ ಮೂರನೆಯವಳು. ಯಶೋದ ಕುಂಟುತ್ತಾ ಬರುವ ಹೊತ್ತಿಗೆ ಗೆರೆಯ ಹತ್ತಿರ ಮುಗಿಸಿದವರೆಲ್ಲ ಗ್ಲುಕೋಸ್ ನೀರು ಕುಡಿಯುತ್ತಿದ್ದರು.

"ಯಾಕೆ ನಿಂತೆ? ಕಪ್ ಕೈಯಲ್ಲಿತ್ತು, ಯಾಕಮ್ಮ ನಿಂತೆ?" ಎಂದು ಮೇಷ್ಟ್ರು ಎಲ್ಲರೆದುರು ಹಾರಾಡಿದರು.

"ಇವ್ಳು ಕೈ ತೋರ್ಸುದ್ಲು ಸಾ."

"ಕೈ ತೋರ್ಸುದ್ಲಾ? ನೀನೇನು ಕೆ.ಎಸ್.ಆರ್.ಟಿ.ಸಿ. ಬಸ್ಸಾ, ಕೈ ತೋರ್ಸುದ್ರೆ ನಿಲ್ಲಕ್ಕೆ?"

ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಯಶೋದ ಹೇಳಲು ಬಾಯಿ ತೆರೆದಳು, ಆನೆ ಎಂದಳು, ಕಾಡುದಾರಿ ಎಂದಳು. ನಗು ಇನ್ನೂ ಜಾಸ್ತಿಯಾಯಿತು. ಕೊಳ್ಳೇಗಾಲದ ಕೆರೆ ಏರಿಯ ಮೇಲೆ ಆನೆಯಂತೆ! ಮೇಷ್ಟ್ರು ರೋಜಾಳ ಕಡೆ ತಿರುಗಿ, "ತೋರ್ಸುದ್ಯೇನಮ್ಮ?" ಎಂದು ಕೇಳಿದರು.

"ಇಲ್ಲ ಸಾ. ಓಡೋವಾಗ ಕೈ ಆಡ್ತದಲ್ಲ, ಅಂಗೆ."

ಯಶೋದಳ ಕೆನ್ನೆಯಲ್ಲಿ ಮುಳ್ಳಿನ ಗೀರು, ಕಣ್ಣಲ್ಲಿ ನೀರಿಲ್ಲ. ರೋಜಾಳ ಕಾಲ ಬುಡಕ್ಕೆ ಉಗಿದು, "ದೊಡ್ಡೀಲಿ ಇದ್ನೇ ಯೋಳು," ಎಂದಳು.

ಶನಿವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಮುಖ ತಿರುಗಿಸಿಕೊಂಡು ಊರಿಗೆ ಹೋದರು. ರೋಜಾಳ ತಾಯಿ ರಂಗಮ್ಮ ಮಗಳ ದೃಷ್ಟಿ ತೆಗೆದು, ಪೊಲೀಸ್ ಆಗುವವಳಿಗೆಂದು ಕೋಳಿ ಕೊಯ್ಯಿಸಿದಳು. ಸಾರು ಇಳಿಸುವ ಹೊತ್ತಿಗೆ ಯಶೋದಳ ತಾಯಿ ಗೋವಿಂದಮ್ಮ ಬಂದು ಹೊಸ್ತಿಲಾಚೆಯೇ ನಿಂತಳು. ಕೂಗಾಡಿದ್ದರೆ ರೋಜಾ ಎದುರಾಡುತ್ತಿದ್ದಳು. ಅದಕ್ಕೆ ಮಾತುಗಳನ್ನೂ ಹೊಂದಿಸಿಕೊಂಡಿದ್ದಳು. ಗೋವಿಂದಮ್ಮ ದನಿ ಎತ್ತಲಿಲ್ಲ.

"ಕೈ ತೋರ್ಸುದ್ದು ನಿಜವಾ ಮಗ?"

"ಅದು ಓಟ ಕಣತ್ತೆ. ನಿನ್ ಮಗಳು ನನ್ ಕಾಲ್ ತುಳುದ್ಲು, ಗುದ್ದುದ್ಲು, ಅದ್ನ ಕೇಳು. ಅಷ್ಟಕ್ಕೂ ಅಲ್ಲಿ ಆನೆ ಎಲ್ಲಿತ್ತು?"

"ಅದ್ನೇ ನಾನೂ ಕೇಳ್ತಿರದು. ಆನೆ ಎಲ್ಲಿತ್ತು?"

ಗೋವಿಂದಮ್ಮ ರೋಜಾಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಹೊರಟುಹೋದಳು. ಒಲೆಯ ಮುಂದಿದ್ದ ರಂಗಮ್ಮ ಸೌಟು ಕೆಳಗಿಟ್ಟು, "ಮಾದಪ್ಪ," ಎಂದು ಬೆಟ್ಟದ ದೇವರನ್ನಷ್ಟೇ ನೆನೆದು ಹಿತ್ತಿಲಿಗೆ ನಡೆದಳು. ಆ ಸಾರನ್ನು ಮನೆಯಲ್ಲಿ ಯಾರೂ ಬಾಯಿಗಿಡಲಿಲ್ಲ.

ಸೋಮವಾರ ಮೈಸೂರಿನಲ್ಲಿ ತಂಡದ ಶಿಬಿರ. ನಸುಕಿನಲ್ಲಿ ರೋಜಾ ಚೀಲ ಹೆಗಲಿಗೇರಿಸಿ ದೊಡ್ಡಿಯ ಬೇಲಿ ಬಾಗಿಲ ಹತ್ತಿರ ಬಂದಳು. ಬಸ್ಸಿಗೆ ಹೋಗುವವರು ಆಗಲೇ ಸೇರಿದ್ದರು. ಹಾಲಿನ ಕ್ಯಾನಿನವರು, ಶಾಲೆಯ ಮಕ್ಕಳು, ಕಾಲಿಗೆ ಬಟ್ಟೆ ಸುತ್ತಿಕೊಂಡ ಯಶೋದ. ಅವಳ ಚೀಲವನ್ನು ಯಾರೋ ಹೊತ್ತಿದ್ದರು. ಕಿವಿ ಚುರುಕೆಂದು ರೋಜಾಳನ್ನು ಮುಂದೆ ಬಿಡುವುದು ವಾಡಿಕೆ. ಅವಳು ಎಂದಿನಂತೆ ಸಾಲಿನ ತಲೆಗೆ ಹೋಗಿ ನಡೆಯತೊಡಗಿದಳು. ನಾಲ್ಕು ಹೆಜ್ಜೆ ಹೋದ ಮೇಲೆ ತಿರುಗಿ ನೋಡಿದಳು. ಯಾರೂ ಕದಲಿರಲಿಲ್ಲ.

"ಯಾಕಜ್ಜ? ಬಸ್ಸು ಓಯ್ತದೆ," ಎಂದಳು.

ಸೇರಿದವರಲ್ಲಿ ಹಿರಿಯನಾದ ಹನುಮಯ್ಯಜ್ಜ ಕೋಲಿನ ಮೇಲೆ ಗಲ್ಲ ಊರಿಕೊಂಡು, "ನೀ ಓಗವ್ವ. ನಾವು ಆಮ್ಯಾಕೆ ಬತ್ತೀವಿ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಅಂಗಾರೆ ನಾನು ಇಂದೆ ಬತ್ತೀನಿ. ಬೇರೆ ಯಾರಾರ ಮುಂದೆ ಓಗ್ಲಿ."

ಹಾಲಿನ ಕ್ಯಾನು ಹೊತ್ತಿದ್ದ ಹೆಂಗಸೊಬ್ಬಳು ಅದನ್ನು ನೆಲಕ್ಕಿಳಿಸಿ, ಅವಸರವೇ ಇಲ್ಲದವಳಂತೆ ಅದರ ಪಕ್ಕ ಕುಳಿತಳು. ಒಂದು ಮಗು ರೋಜಾಳ ಕಡೆ ಹೆಜ್ಜೆಯಿಡಲು ನೋಡಿದಾಗ ಅದರ ತಾಯಿ ರಟ್ಟೆ ಹಿಡಿದು ಎಳೆದುಕೊಂಡಳು. ಯಶೋದ ಬೇರೆಲ್ಲೋ ನೋಡುತ್ತಿದ್ದಳು.

ಹೂಗ್ಯಂ ಬಸ್ಸು ತಪ್ಪಿದರೆ ಮೈಸೂರಿನ ಶಿಬಿರವೂ ತಪ್ಪುತ್ತದೆ. ರೋಜಾಳಿಗೆ ಹೆದರಿಕೆಯಾಯಿತು. ಚೀಲ ಸರಿಮಾಡಿಕೊಂಡು ಒಬ್ಬಳೇ ಕಾಡಿನ ದಾರಿ ಹಿಡಿದಳು. ಬಿದಿರ ಮೆಳೆಯ ತಿರುವು ದಾಟಿ ನಿಂತು, ಕಿವಿಗೊಟ್ಟು ಕೇಳಿದಳು. ಹಿಂದಿನಿಂದ ಒಂದು ಹೆಜ್ಜೆಯ ಸದ್ದೂ ಬರಲಿಲ್ಲ.