ಸೇದದವಳ ಕೆಮ್ಮು

“ಕೆಮ್ಮೋದಾದ್ರೆ ಮನೇಲಿ ಬಿದ್ಕಂಡು ಕೆಮ್ಮು, ಮುಂಡೆ. ನೀನು ಉಗುಳಿದ್ ತಂಬಾಕ ಯಾವನು ಕೊಂಡ್ಕತಾನೆ?”

ಮೇಸ್ತ್ರಿ ಗುನೈಮ್ ಹಾಗೆ ಅಂದದ್ದು ಇನ್ಶಿರಾಳಿಗೆ. ಅವಳು ಜರಡಿ ನಿಲ್ಲಿಸದೆ ತಲೆವಸ್ತ್ರದ ಚುಂಗಿನಿಂದ ಬಾಯಿ ಒರೆಸಿಕೊಂಡಳು. ಪಕ್ಕದ ಜರಡಿ ನನ್ನದು. ನೈಲ್ ಕಾಲುವೆಯ ದಂಡೆಯಲ್ಲಿದ್ದ ಹಾಜಿ ಶಿಹಾತಾನ ಕಾರ್ಖಾನೆಯಲ್ಲಿ ಹುಕ್ಕಾ ತಂಬಾಕು ತಯಾರಾಗುತ್ತಿತ್ತು. ಕತ್ತರಿಸಿದ ಒಣ ಎಲೆಯನ್ನು ನಾವು ಹದಿನಾಲ್ಕು ಹೆಂಗಸರು ಜರಡಿ ಹಿಡಿದು ಕೊಟ್ಟರೆ, ಆಚೆಯ ಶೆಡ್ಡಿನಲ್ಲಿ ಕಾಕಂಬಿ ಹಾಕಿ ಕಲಸಿ ಪೊಟ್ಟಣ ಕಟ್ಟುತ್ತಿದ್ದರು. ಸರ್ಕಾರದ ಕಾನೂನಿನಂತೆ ಪ್ರತಿ ಪೊಟ್ಟಣದ ಮೇಲೂ ಕೊಳೆತ ಶ್ವಾಸಕೋಶದ ಚಿತ್ರ ಅಂಟಿಸಬೇಕಿತ್ತು. ನಮ್ಮ ಶೆಡ್ಡಿನ ಗೋಡೆಯ ಮೇಲೆ ಹಾಜಿಯ ಮೆಕ್ಕಾ ಯಾತ್ರೆಯ ಚಿತ್ರ ಮಾತ್ರ ಇತ್ತು.

ಆ ಚಳಿಗಾಲ ಇನ್ಶಿರಾಳ ಕಫದಲ್ಲಿ ರಕ್ತ ಬಂತು. ಪಟ್ಟಣದ ಎದೆರೋಗದ ಆಸ್ಪತ್ರೆಯಲ್ಲಿ, ಇದು ಧೂಳಿನ ಕಾಯಿಲೆ ಇದ್ದಂತಿದೆ, ಏನು ಕೆಲಸ ಮಾಡುತ್ತೀ ಎಂದು ಕಾರ್ಖಾನೆಯಿಂದ ಬರೆಸಿಕೊಂಡು ಬಾ, ಚಿಕಿತ್ಸೆ ಅವರೇ ಕೊಡಿಸಬೇಕಾಗುತ್ತದೆ ಎಂದರಂತೆ. ಅವಳು ಹೋಗಿ ಹಾಜಿಯನ್ನು ಆ ಕಾಗದ ಕೇಳಿದಳು. ವಾರ ಕಳೆಯುವುದರೊಳಗೆ ಹಾಜಿ ನಮಗೆಲ್ಲ ಪುಕ್ಕಟೆ ಆರೋಗ್ಯ ತಪಾಸಣೆ ಇಟ್ಟುಕೊಂಡ.

ಇಪ್ಪತ್ತು ವರ್ಷದಲ್ಲಿ ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ಕೊಡದವನು ಅಂದು ಒಬ್ಬೊಬ್ಬರಿಗೂ ಕಿತ್ತಳೆ ರಸ ಕೊಡಿಸಿದ. ಅವನು ಕರೆಸಿದ್ದ ಡಾಕ್ಟರ್ ಮಮ್ದೂಹ್ ನಮ್ಮನ್ನು ತಾಯಿ, ತಾಯಿ ಎಂದೇ ಮಾತಾಡಿಸಿದ. ಧೂಳಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮನೆಯಲ್ಲಿ ಯಾರು ಸೇದುತ್ತಾರೆ, ನೀನು ಎಂದಾದರೂ ಸೇದಿದ್ದೀಯಾ, ಇಷ್ಟೇ. ನಾನು ಎಲ್ಲದಕ್ಕೂ ಇಲ್ಲ ಎಂದು ಎದ್ದು ಬಂದೆ. ಇನ್ಶಿರಾಳಿಗೆ ಸುಳ್ಳು ಬಾರದು. ಮೂವತ್ತು ವರ್ಷದ ಹಿಂದೆ ತನ್ನ ಮದುವೆಯ ದಿನ ಅಣ್ಣ ಪಂಥ ಕಟ್ಟಿದ್ದಕ್ಕೆ ಒಂದು ದಮ್ಮು ಎಳೆದು, ಕಣ್ಣಲ್ಲಿ ನೀರು ಬಂದು, ನೆರೆದವರೆಲ್ಲ ನಕ್ಕಿದ್ದನ್ನು ಅವನಿಗೆ ಹೇಳಿ ತಾನೂ ನಕ್ಕಳಂತೆ. ಕೊನೆಗೆ ಅವನು ಬರೆದುಕೊಂಡಿದ್ದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡನಂತೆ.

ಹತ್ತು ದಿನಕ್ಕೆ ಡಾಕ್ಟರನ ಕಾಗದ ಬಂತು. ನರ್ಸಿಂಗ್ ಓದುತ್ತಿದ್ದ ಇನ್ಶಿರಾಳ ಮಗಳು ಹಸ್ನಾ ಎರಡು ಸಲ ಓದಿದಳು. ಮೂವತ್ತು ವರ್ಷಗಳಿಂದ ಧೂಮಪಾನಿ. ಕಾಯಿಲೆಗೆ ಕೆಲಸ ಕಾರಣವಲ್ಲ.

ಇನ್ಶಿರಾ ನನ್ನನ್ನು ಜೊತೆಗೆ ಕರೆದುಕೊಂಡು ಹಾಜಿಯ ಕೋಣೆಗೆ ಹೋದಳು. ಅವನು ಜಪಮಣಿ ಎಣಿಸುತ್ತಿದ್ದ.

“ಸೇದಿದ್ದು ನಿಜ ತಾನೆ?” ಎಂದ.

“ಒಂದೇ ಒಂದು ದಮ್ಮು, ಹಾಜಿ. ಮದ್ವೆ ದಿನ.”

“ಒಂದೋ ಸಾವಿರವೋ, ದೇವ್ರಿಗೇ ಗೊತ್ತು. ಡಾಕ್ಟ್ರು ಓದ್ದೋರು. ನಾನು ಅವ್ರ ಮಾತ್ ನಂಬ್ಲೋ, ನಿನ್ ಮಾತ್ ನಂಬ್ಲೋ?”

ಸುದ್ದಿ ಸಂಜೆಗೆಲ್ಲ ಓಣಿ ತುಂಬಿತು. ನಮ್ಮ ಕಡೆ ಹೆಂಗಸು ಸೇದುತ್ತಾಳೆ ಎಂದರೆ ಅವಳ ಬಗ್ಗೆ ಇನ್ನೇನೇನೋ ಹೇಳಿದಂತೆಯೇ. ಹಸ್ನಾಳನ್ನು ನೋಡಿ ಹೋಗಿದ್ದವರು ಮತ್ತೆ ಬರಲಿಲ್ಲ. ಶೆಡ್ಡಿನಲ್ಲಿಯೂ ಗುಸುಗುಸು ಶುರುವಾಯಿತು. ಕದ್ದು ಸೇದುತ್ತಿದ್ದರೂ ಸೇದುತ್ತಿರಬಹುದು, ಇಲ್ಲದಿದ್ದರೆ ಇವಳಿಗೊಬ್ಬಳಿಗೇ ಯಾಕೆ ರಕ್ತ? ನಾನೂ ಹಾಗೆ ಯೋಚಿಸಿದೆ. ಒಂದು ಮಧ್ಯಾಹ್ನ ರೊಟ್ಟಿ ಹಂಚಿಕೊಳ್ಳುವಾಗ ಬೇಕೆಂದೇ ಹತ್ತಿರ ಬಾಗಿ ಅವಳ ಬಾಯಿ ಮೂಸಿದೆ. ಘಮ್ಮೆಂದು ತಂಬಾಕು. ಒಳಗೊಳಗೇ ಸಮಾಧಾನವಾಯಿತು, ನನಗೇನೂ ಆಗುವುದಿಲ್ಲ ಎಂದು. ಆಮೇಲೆ ನನ್ನ ರೊಟ್ಟಿಯನ್ನು ಬಾಯಿಗಿಟ್ಟೆ. ಅದೇ ವಾಸನೆ ನನ್ನ ಬೆರಳಿನಿಂದ, ತೋಳಿನಿಂದ, ಎದೆಯಿಂದ ಬರುತ್ತಿತ್ತು.

ಇನ್ಶಿರಾ ಕಂಡಿದ್ದಳು. “ಮೂಸ್ಕಂಡ್ಯಾ? ನಂಬಿಕೆ ಬಂತಾ?” ಎಂದಷ್ಟೇ ಅಂದು ಆಚೆ ಹೋಗಿ ಕೂತಳು.

ಮೇ ತಿಂಗಳ ಕೊನೆಗೆ ತಂಬಾಕು ವಿರೋಧಿ ದಿನ. ಕೈರೋದಿಂದ ಆರೋಗ್ಯ ಇಲಾಖೆಯ ಸಾಹೇಬರು ಬರುತ್ತಾರೆಂದು ಅಂಗಳದಲ್ಲಿ ಶಾಮಿಯಾನ ಹಾಕಿ, ಮುಂದಿನ ಸಾಲಿಗೆ ಗಾಳಿ ಬೀಸುವ ಹಾಗೆ ವೇದಿಕೆಯ ಮೇಲೆ ಮಂಚದಷ್ಟು ದೊಡ್ಡ ಫ್ಯಾನು ತಂದಿಟ್ಟರು. ಚಟ ಬಿಟ್ಟ ಕೆಲಸಗಾರರಿಗೆ ಹಾಜಿ ಪ್ರಮಾಣಪತ್ರ ಕೊಡುವ ಕಾರ್ಯಕ್ರಮ. ಮೊದಲ ಹೆಸರು ಇನ್ಶಿರಾಳದು. ಮೈಕಿನಲ್ಲಿ ಹಾಜಿಯ ದಯೆಯಿಂದ ಬಿಟ್ಟೆ ಎಂದರೆ ಧೂಳಿಲ್ಲದ ಪೊಟ್ಟಣದ ಶೆಡ್ಡಿಗೆ ಹಾಕುತ್ತೇನೆ, ಇಲ್ಲವೆಂದರೆ ನಾಳೆಯಿಂದ ಗೇಟಿನ ಹೊರಗೆ ಎಂದು ಗುನೈಮ್ ಹೇಳಿದ. ಇನ್ಶಿರಾ ಆಗಲಿ ಎಂದು ತಲೆಯಾಡಿಸಿದಳು. ಮಾರಿಕೊಂಡಳು ಎಂದುಕೊಂಡೆವು. ಅಂದು ಅವಳ ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಹೆಸರು ಕರೆದಾಗ ಅವಳು ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು ಮೆಟ್ಟಿಲು ಹತ್ತಿದಳು. ಸಾಹೇಬರಿಗೆ ಉಡುಗೊರೆ ತಂದಿದ್ದಾಳೆಂದು ಹಾಜಿ ನಕ್ಕ. ಅವಳು ಫ್ಯಾನಿನ ಮುಂದೆ ನಿಂತು ಗಂಟು ಬಿಚ್ಚಿ ಕೊಡವಿದಳು. ಜರಡಿಯ ಕೆಳಗಿನ ನುಣ್ಣನೆಯ ಧೂಳು ಕಂದು ಮೋಡವಾಗಿ ಎದ್ದು ಮುಂದಿನ ಸಾಲಿನ ಮೇಲೆ ಕವಿಯಿತು. ಸಾಹೇಬರು ಕೆಮ್ಮಿದರು. ಹಾಜಿ ಕೆಮ್ಮಿದ. ಮಮ್ದೂಹ್ ಟೈಯಿಂದ ಮೂಗು ಮುಚ್ಚಿಕೊಂಡು ಬಗ್ಗಿದ.

ಇನ್ಶಿರಾ ಮೈಕಿನ ಹತ್ತಿರ ಬಂದಳು. ಅವಳಿಗೂ ಕೆಮ್ಮು, ಅದು ನಿಲ್ಲುವವರೆಗೆ ಕಾದಳು.

“ಬರ್ಕಳಿ ಡಾಕ್ಟ್ರೇ,” ಎಂದಳು. “ಇವ್ರೆಲ್ಲ ಎಷ್ಟ್ ವರ್ಸದಿಂದ ಸೇದ್ತಾವ್ರೆ ಅಂತ ಕೇಳಿ ಬರ್ಕಳಿ. ಹೆಬ್ಬೆಟ್ಟು ಒತ್ತಿಸ್ಕಳಿ.”

ಗುನೈಮ್ ಅವಳ ರಟ್ಟೆ ಹಿಡಿದು ಎಳೆದ. ಅವಳು ಮೈಕಿನ ಕಂಬವನ್ನು ತಬ್ಬಿಕೊಂಡಳು, ಬಿಡಲಿಲ್ಲ. ಗಂಟಿನಲ್ಲಿ ಉಳಿದಿದ್ದದ್ದೂ ಫ್ಯಾನಿಗೆ ಸಿಕ್ಕಿ ಹಾರತೊಡಗಿತು.

“ಫ್ಯಾನ್ ಆರ್ಸ್ರೇ, ಬೋಳಿಮಕ್ಳಾ,” ಎಂದು ಗುನೈಮ್ ನಮ್ಮ ಕಡೆ ತಿರುಗಿ ಅರಚಿದ.

ಸ್ವಿಚ್ಚು ಇದ್ದದ್ದು ನಾವು ಹದಿಮೂರು ಜನ ಕೂತಿದ್ದ ಕಡೆಯ ಕಂಬದಲ್ಲಿ, ನನ್ನ ತಲೆಯ ಹಿಂದೆ. ಎಲ್ಲರೂ ನನ್ನ ಮುಖ ನೋಡಿದರು. ನಾನು ಎದ್ದು ನಿಂತೆ. ಕಂಬಕ್ಕೆ ಬೆನ್ನು ಕೊಟ್ಟು, ಸ್ವಿಚ್ಚು ಯಾರ ಕೈಗೂ ಸಿಗದ ಹಾಗೆ ಒರಗಿಕೊಂಡೆ.